ಕ್ರೈಸ್ತ ಮೂಲಭೂತವಾದ ರಾಜಕಾರಣಕ್ಕೆ ಇಳಿದ ಬಗೆ

ಸ್ನೇಹಿತರೆ,

2020ರ ಡಿಸೆಂಬರ್‌ನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ನಗರದ ಆಸ್ಪತ್ರೆಯೊಂದರಲ್ಲಿ ರೋಗಿಯೊಬ್ಬ ಅತ್ತಿತ್ತ ಓಡಾಡುತ್ತಾ ಭ್ರೂಣಗಳನ್ನು ಶೈತ್ಯದಲ್ಲಿ ಕಾಪಿಡುವ ಕೋಣೆಯೊಳಕ್ಕೆ ಹೋಗಿಬಿಟ್ಟ. ಅಲ್ಲಿದ್ದ ಕೆಲವು ಭ್ರೂಣಗಳನ್ನು ಕೈಗೆತ್ತಿಕೊಂಡಾಗ ವಿಪರೀತ ಶೀತಕ್ಕೆ ಅವನ ಕೈ ಸುಟ್ಟಂತಾಗಿ, ಅವು ನೆಲಕ್ಕೆ ಬಿದ್ದು ನಾಶವಾದವು. ಮಗುವನ್ನು ಪಡೆಯಲು ಚಿಕಿತ್ಸೆಗೆ ಒಳಗಾಗಿದ್ದ ಮೂರು ದಂಪತಿಗಳು ನ್ಯಾಯಾಲಯದ ಮೊರೆ ಹೋದರು. ಅಪ್ರಾಪ್ತ ಮಗುವೊಂದು ಇನ್ನೊಬ್ಬರ ತಪ್ಪಿನಿಂದ ಸತ್ತರೆ ತಂದೆತಾಯಿಗಳು ಪರಿಹಾರ ಕೇಳಬಹುದೆಂಬ 1872ರ ಕಾನೂನೊಂದು ಆ ರಾಜ್ಯದಲ್ಲಿದೆ. ಗರ್ಭಾಶಯದ ಹೊರಗೆ ಶೈತ್ಯದಲ್ಲಿರುವ ಭ್ರೂಣಕ್ಕೂ ಆ ಕಾನೂನು ಅನ್ವಯಿಸುತ್ತದೆ ಎಂದು ಅಲಬಾಮಾ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 16ರಂದು ತೀರ್ಪಿತ್ತಿತು. ಕೆಲವೇ ದಿನಗಳಲ್ಲಿ ರಾಜ್ಯದ ಹಲವು ಚಿಕಿತ್ಸಾಲಯಗಳು ಕೃತಕ ಗರ್ಭಧಾರಣೆಯ ಚಿಕಿತ್ಸೆಯನ್ನೇ ನಿಲ್ಲಿಸಿದವು. ಮಕ್ಕಳಿಗಾಗಿ ಹಂಬಲಿಸುತ್ತಿದ್ದ ಹೆಂಗಸರು ಚಿಕಿತ್ಸೆಯ ನಡುವೆಯೇ ಕೈಚೆಲ್ಲಿ ಕೂರಬೇಕಾಯಿತು. ಗದ್ದಲ ಎಷ್ಟಾಯಿತೆಂದರೆ, ಅದೇ ಸಂಪ್ರದಾಯವಾದಿ ಶಾಸನಸಭೆ ಮೂರು ವಾರದೊಳಗೆ ಚಿಕಿತ್ಸಾಲಯಗಳಿಗೆ ರಕ್ಷಣೆ ಕೊಡುವ ಇನ್ನೊಂದು ಕಾನೂನನ್ನು ಮಾಡಬೇಕಾಯಿತು.

ಬಹುಮತದ ತೀರ್ಪು ಕಾನೂನಿನ ಮಾತುಗಳನ್ನೂ, ಹುಟ್ಟದ ಜೀವದ ಪಾವಿತ್ರ್ಯವನ್ನು ಸಾರುವ ರಾಜ್ಯ ಸಂವಿಧಾನದ ತಿದ್ದುಪಡಿಯನ್ನೂ ಆಧರಿಸಿತ್ತು; ಆ ತಿದ್ದುಪಡಿಗೆ 2018ರಲ್ಲಿ ರಾಜ್ಯದ ಮತದಾರರೇ ಒಪ್ಪಿಗೆ ಕೊಟ್ಟಿದ್ದರು. ಆದರೆ ಮುಖ್ಯ ನ್ಯಾಯಮೂರ್ತಿ ಟಾಮ್ ಪಾರ್ಕರ್ ತೀರ್ಪಿಗೆ ಸಮ್ಮತಿಸಿ ಬೇರೆಯಾಗಿ ಬರೆದ ಅಭಿಪ್ರಾಯದಲ್ಲಿ ಬೈಬಲ್ಲಿನ ಆದಿಕಾಂಡವೂ ಪ್ರವಾದಿ ಯೆರೆಮೀಯನೂ, ದೇವಶಾಸ್ತ್ರಜ್ಞರಾದ ಥಾಮಸ್ ಅಕ್ವಿನಾಸನೂ ಕ್ಯಾಲ್ವಿನನೂ ಬರುತ್ತಾರೆ. ಮನುಷ್ಯಜೀವ ದೇವರ ಪ್ರತಿರೂಪ, ಹುಟ್ಟುವ ಮೊದಲೇ ಅದನ್ನು ನಾಶಮಾಡುವುದು ದೇವರ ಮಹಿಮೆಯನ್ನು ಅಳಿಸುವುದಾಗುತ್ತದೆ ಎಂಬುದು ಅವರ ವಾದ. ಚರ್ಚಿನ ಪೀಠದಿಂದ ಬಂದಿದ್ದರೆ ಇದು ಒಂದು ಪ್ರವಚನವಾಗುತ್ತಿತ್ತು. ಕೇಳುವವರು ಕೇಳಬಹುದಾಗಿತ್ತು, ಬೇಡವಾದವರು ಎದ್ದು ಹೋಗಬಹುದಾಗಿತ್ತು. ನ್ಯಾಯಪೀಠದಿಂದ ಬಂದ ಮಾತಿನಿಂದ ಎದ್ದುಹೋಗುವ ಸ್ವಾತಂತ್ರ್ಯ ಪ್ರಜೆಗಳಿಗೆ ಇರುವುದಿಲ್ಲ. ನಂಬಿಕೆಯ ಮಾತು ಆಳ್ವಿಕೆಯ ಮಾತಾಗುವ ಈ ಸ್ಥಳಾಂತರ ಹೇಗೆ ನಡೆಯಿತು ಎಂಬುದೇ ಇಂದಿನ ನನ್ನ ವಿಷಯ.

ಮೊದಲಿಗೆ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎಲ್ಲ ಕ್ರೈಸ್ತರೂ ಮೂಲಭೂತವಾದಿಗಳಲ್ಲ. ಇವ್ಯಾಂಜೆಲಿಕಲ್ ಎಂದು ಕರೆದುಕೊಳ್ಳುವ, ವೈಯಕ್ತಿಕ ಮರುಹುಟ್ಟಿನ ಅನುಭವಕ್ಕೆ ಒತ್ತುಕೊಡುವ ಪ್ರಾಟೆಸ್ಟಂಟರೆಲ್ಲರೂ ಮೂಲಭೂತವಾದಿಗಳಲ್ಲ. ಈ ಹೆಸರಿನ ಹಿಂದೆ ಒಂದು ನಿರ್ದಿಷ್ಟ ಚರಿತ್ರೆಯಿದೆ. 1910ರಿಂದ 1915ರವರೆಗೆ ಅಮೆರಿಕದಲ್ಲಿ 'ದಿ ಫಂಡಮೆಂಟಲ್ಸ್' ಎಂಬ ಹೆಸರಿನ 12 ಸಂಪುಟಗಳು ಹೊರಬಂದವು. ಅವುಗಳ ವೆಚ್ಚವನ್ನು ಭರಿಸಿದವರು ಕ್ಯಾಲಿಫೋರ್ನಿಯಾದ ತೈಲೋದ್ಯಮಿ ಲೈಮನ್ ಸ್ಟೂವರ್ಟ್. ಬೋಧಕರು, ಧರ್ಮಪ್ರಚಾರಕರು, ದೇವಶಾಸ್ತ್ರದ ವಿದ್ಯಾರ್ಥಿಗಳು ಮುಂತಾದವರಿಗೆ ಲಕ್ಷಗಟ್ಟಲೆ ಪ್ರತಿಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸಲಾಯಿತು. ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಬಂದ ಬೈಬಲ್ ವಿಮರ್ಶೆಯೂ ಡಾರ್ವಿನ್ನನ ವಿಕಾಸವಾದವೂ ಕ್ರೈಸ್ತ ನಂಬಿಕೆಯ ತಳಪಾಯವನ್ನೇ ಅಲುಗಿಸುತ್ತಿವೆ ಎಂಬ ಭಯ ಅವುಗಳ ಹಿಂದಿತ್ತು. ಧರ್ಮಗ್ರಂಥದಲ್ಲಿ ದೋಷವೇ ಇಲ್ಲ, ಕ್ರಿಸ್ತ ಕನ್ಯೆಯಲ್ಲಿ ಹುಟ್ಟಿದ, ನಮ್ಮ ಪಾಪಗಳಿಗಾಗಿ ಸತ್ತ, ದೇಹಸಮೇತ ಎದ್ದುಬಂದ, ಅವನ ಪವಾಡಗಳು ನಿಜ ಎಂಬಂಥ ಕೆಲವು ತತ್ತ್ವಗಳಲ್ಲಿ ರಾಜಿಯೇ ಇಲ್ಲ ಎಂದವರು 1920ರ ಹೊತ್ತಿಗೆ ತಮ್ಮನ್ನು ಫಂಡಮೆಂಟಲಿಸ್ಟರೆಂದು ಹೆಮ್ಮೆಯಿಂದ ಕರೆದುಕೊಂಡರು. ಈ ತತ್ತ್ವಗಳಲ್ಲಿ ಯಾವುದರಲ್ಲೂ ಒಂದು ಪಕ್ಷದ ಹೆಸರಿಲ್ಲ, ಒಂದು ತೆರಿಗೆಯ ಪ್ರಸ್ತಾಪವಿಲ್ಲ. ಇವನ್ನು ಪೂರ್ತಿಯಾಗಿ ನಂಬಿ, ನೆರೆಹೊರೆಗೆ ಒಳಿತು ಮಾಡುತ್ತ, ಯಾರ ಬದುಕನ್ನೂ ಆಳಲು ಹೋಗದೆ ಬಾಳಿದ ಲಕ್ಷಾಂತರ ಜನರಿದ್ದಾರೆ. ಅವರ ಭಕ್ತಿಯನ್ನು ಪ್ರಶ್ನಿಸುವ ಅಧಿಕಾರ ನನಗಾಗಲಿ ಯಾವ ಸರ್ಕಾರಕ್ಕಾಗಲಿ ಇಲ್ಲ.

ರಾಜಕಾರಣದೊಂದಿಗೆ ಇವರ ಮೊದಲ ದೊಡ್ಡ ಮುಖಾಮುಖಿ ನಡೆದದ್ದು 1925ರ ಜುಲೈನಲ್ಲಿ, ಟೆನೆಸ್ಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ. ಮನುಷ್ಯ ಕೆಳಸ್ತರದ ಪ್ರಾಣಿಗಳಿಂದ ಬಂದವನೆಂದು ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದೆಂಬ ಕಾನೂನನ್ನು ಮುರಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಯುವ ಶಿಕ್ಷಕನ ವಿಚಾರಣೆ ನಡೆದು, 100 ಡಾಲರ್ ದಂಡ ವಿಧಿಸಲಾಯಿತು. ಕಾನೂನಿನ ಪರವಾಗಿ ವಾದಿಸಿದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಮೂರು ಬಾರಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದವರು, ರೈತರ ಮತ್ತು ದುಡಿಯುವವರ ಪರ ಹೋರಾಡಿದವರು. ಡಾರ್ವಿನ್ನನ ಸಿದ್ಧಾಂತವನ್ನು ಬಲಶಾಲಿಗಳು ದುರ್ಬಲರನ್ನು ತುಳಿಯಲು ನೆಪವಾಗಿಸಿಕೊಳ್ಳುತ್ತಾರೆಂಬ ಅವರ ಆತಂಕದಲ್ಲಿ ನಿಜವಾದ ಕಳಕಳಿಯಿತ್ತು. ಇದನ್ನು ಹೇಳುವುದಕ್ಕೆ ಕಾರಣವಿದೆ. ಬೈಬಲ್ಲಿಗೆ ಅಂಟಿಕೊಂಡವರೆಲ್ಲ ಸದಾ ಶ್ರೀಮಂತರ, ಬಲಪಂಥದ ಪರವಾಗಿಯೇ ಇದ್ದರೆಂಬ ತಿಳಿವಳಿಕೆ ತಪ್ಪು. ಆ ಮೈತ್ರಿ ಬೆಳೆದದ್ದು ನಂತರ, ಅದಕ್ಕೆ ಬೇರೆಯೇ ಕಾರಣಗಳಿವೆ. ಮೊಕದ್ದಮೆಯನ್ನು ಗೆದ್ದರೂ ದೇಶದ ಪತ್ರಿಕೆಗಳ ಗೇಲಿಗೆ ಗುರಿಯಾದ ಮೂಲಭೂತವಾದಿಗಳು ಸಾರ್ವಜನಿಕ ಜೀವನದ ಮುಂಚೂಣಿಯಿಂದ ಹಿಂದೆ ಸರಿದರು. ತಮ್ಮದೇ ಕಾಲೇಜು, ಪ್ರಕಾಶನ, ರೇಡಿಯೋ ಕಾರ್ಯಕ್ರಮಗಳನ್ನು ಕಟ್ಟಿಕೊಂಡರು. ಹೊರಗಿನವರಿಗೆ ಅವರು ಮರೆಯಾದಂತೆ ಕಂಡ ಆ ದಶಕಗಳಲ್ಲಿ ಒಂದು ಗಟ್ಟಿಯಾದ ಜಾಲ ಬೆಳೆಯುತ್ತಿತ್ತು.

ಆ ಜಾಲ 1970ರ ದಶಕದಲ್ಲಿ ರಾಜಕೀಯ ಶಕ್ತಿಯಾಗಿ ಎದ್ದದ್ದು ಹೇಗೆ? ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ, 1973ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರೋ ಮೊಕದ್ದಮೆಯಲ್ಲಿ ಗರ್ಭಪಾತಕ್ಕೆ ಸಾಂವಿಧಾನಿಕ ರಕ್ಷಣೆ ಕೊಟ್ಟಿತು, ಅದರಿಂದ ಭಕ್ತರು ಸಿಡಿದೆದ್ದರು ಎಂಬುದು. ದಾಖಲೆಗಳು ಈ ಕಥೆಯನ್ನು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ದೇಶದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ 1971ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೇರಿದಾಗ, ಅತ್ಯಾಚಾರ, ರಕ್ತಸಂಬಂಧದೊಳಗಿನ ಲೈಂಗಿಕ ಸಂಪರ್ಕ, ಭ್ರೂಣದ ತೀವ್ರ ವೈಕಲ್ಯ, ತಾಯಿಯ ಮಾನಸಿಕ ಮತ್ತು ದೈಹಿಕ ಆರೋಗ್ಯಕ್ಕೆ ಧಕ್ಕೆ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವಿರುವ ಕಾನೂನುಗಳಿಗಾಗಿ ಶ್ರಮಿಸುವಂತೆ ತನ್ನ ಸದಸ್ಯರಿಗೆ ಕರೆಕೊಟ್ಟ ನಿರ್ಣಯವನ್ನು ಅಂಗೀಕರಿಸಿತ್ತು. ರೋ ತೀರ್ಪಿನ ಮರುವರ್ಷವೂ ಅದೇ ನಿಲುವನ್ನು ದೃಢಪಡಿಸಿತು. ಆ ಕಾಲದಲ್ಲಿ ಗರ್ಭಪಾತದ ವಿರೋಧವನ್ನು ಮುಖ್ಯವಾಗಿ ಹೊತ್ತುಕೊಂಡಿದ್ದವರು ಕ್ಯಾಥೊಲಿಕರು.

ಮೂಲಭೂತವಾದಿ ಚರ್ಚುಗಳನ್ನು ನೇರವಾಗಿ ಮುಟ್ಟಿದ್ದು ಶಾಲೆಗಳ ಪ್ರಶ್ನೆ. ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯನ್ನು ನೋಡಿ. ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಓದಬೇಕೆಂಬ ನ್ಯಾಯಾಲಯದ ಆದೇಶ ಅಲ್ಲಿ ಜಾರಿಗೆ ಬಂದ ಮೊದಲ ವರ್ಷದಲ್ಲೇ ಸರ್ಕಾರಿ ಶಾಲೆಗಳಲ್ಲಿದ್ದ ಬಿಳಿಯ ಮಕ್ಕಳ ಸಂಖ್ಯೆ 771ರಿಂದ 28ಕ್ಕೆ ಇಳಿಯಿತು. ಅದರ ಮರುವರ್ಷ ಒಂದು ಮಗುವೂ ಉಳಿಯಲಿಲ್ಲ. ಅವರೆಲ್ಲ ಬಿಳಿಯರಿಗೆಂದೇ ತೆರೆದ ಖಾಸಗಿ ಶಾಲೆಗಳಿಗೆ ಹೋದರು, ಆ ಶಾಲೆಗಳು ದತ್ತಿ ಸಂಸ್ಥೆಗಳೆಂಬ ಹೆಸರಿನಲ್ಲಿ ತೆರಿಗೆ ವಿನಾಯಿತಿಯನ್ನು ಪಡೆಯುತ್ತಿದ್ದವು. ಕಪ್ಪು ಜನಾಂಗದ ತಂದೆತಾಯಿಗಳು ಮೊಕದ್ದಮೆ ಹೂಡಿದರು. ಜನಾಂಗದ ಆಧಾರದಲ್ಲಿ ಮಕ್ಕಳನ್ನು ಹೊರಗಿಡುವ ಶಾಲೆ ದತ್ತಿ ಸಂಸ್ಥೆಯಾಗಲಾರದು ಎಂದು 1971ರಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ದಕ್ಷಿಣ ಕೆರೋಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಮೂಲಭೂತವಾದಿಗಳ ಹೆಮ್ಮೆಯ ಸಂಸ್ಥೆ. 1971ರವರೆಗೆ ಅದು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ, ಸೇರಿಸಿಕೊಂಡ ಮೇಲೂ ಬೇರೆ ಬೇರೆ ಜನಾಂಗದ ಹುಡುಗ ಹುಡುಗಿಯರ ಒಡನಾಟವನ್ನು ಬೈಬಲ್ಲಿನ ಹೆಸರಿನಲ್ಲಿ ನಿಷೇಧಿಸಿತು. 1976ರಲ್ಲಿ ಅದು ತೆರಿಗೆ ವಿನಾಯಿತಿಯನ್ನು ಕಳೆದುಕೊಂಡಿತು. 1983ರಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಆ ನಿಷೇಧವನ್ನು ವಿಶ್ವವಿದ್ಯಾಲಯ ಕೈಬಿಟ್ಟದ್ದು 2000ದಲ್ಲಿ.

ಕ್ರೈಸ್ತ ಬಲಪಂಥದ ಸಂಘಟಕರಲ್ಲಿ ಪ್ರಮುಖರಾದ ಪಾಲ್ ವೇರಿಕ್ ಅವರೇ, ಚರ್ಚುಗಳನ್ನು ರಾಜಕಾರಣಕ್ಕೆ ಎಳೆತಂದದ್ದು ಗರ್ಭಪಾತವೋ ಶಾಲಾ ಪ್ರಾರ್ಥನೆಯೋ ಅಲ್ಲ, ಕ್ರೈಸ್ತ ಶಾಲೆಗಳ ಮೇಲಿನ ಸರ್ಕಾರದ ಈ ಕ್ರಮ ಎಂದು ಮುಂದೆ ಹೇಳಿಕೊಂಡರು. ಈ ಕಾರಣಕ್ಕೆ ಎಷ್ಟು ತೂಕ ಕೊಡಬೇಕೆಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ. ಶಾಲಾ ಪ್ರಾರ್ಥನೆಯನ್ನು ನಿಲ್ಲಿಸಿದ 1962ರ ತೀರ್ಪು, ಮಹಿಳೆಯರ ಸಮಾನ ಹಕ್ಕಿನ ತಿದ್ದುಪಡಿ, ಸಲಿಂಗಿಗಳ ಹಕ್ಕಿನ ಹೋರಾಟ ಇವೆಲ್ಲವೂ ಆತಂಕವನ್ನು ಹೆಚ್ಚಿಸಿದ್ದವು, ಗರ್ಭಪಾತಗಳ ಸಂಖ್ಯೆ ಏರಿದಂತೆ ಎಷ್ಟೋ ಸಾಮಾನ್ಯ ಭಕ್ತರ ಮನಸ್ಸು ಪ್ರಾಮಾಣಿಕವಾಗಿಯೇ ನೊಂದಿತ್ತು. ಅವರ ನೋವನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಪ್ರತ್ಯೇಕತೆಯ ಶಾಲೆಗಳನ್ನು ಉಳಿಸಿಕೊಳ್ಳುವ ಹೋರಾಟಕ್ಕೆ ದೇಶದ ಬೆಂಬಲ ಸಿಗದು, ಹುಟ್ಟದ ಮಗುವಿನ ಹೋರಾಟಕ್ಕೆ ಸಿಗುತ್ತದೆ ಎಂಬ ಲೆಕ್ಕಾಚಾರವನ್ನು ಮುಂದಾಳುಗಳು ಮಾಡಿದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಈ ತಿರುವು ಒಬ್ಬನೇ ಮನುಷ್ಯನ ಬದುಕಿನಲ್ಲಿ ಹೇಗೆ ಕಾಣುತ್ತದೆಂದು ನೋಡಬೇಕಾದರೆ ವರ್ಜೀನಿಯಾದ ಲಿಂಚ್‌ಬರ್ಗಿನ ಪಾಸ್ಟರ್ ಜೆರ್ರಿ ಫಾಲ್ವೆಲ್ ಅವರನ್ನು ನೋಡಬೇಕು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ನೇತೃತ್ವದಲ್ಲಿ ಬೋಧಕರು ಮತದಾನದ ಹಕ್ಕಿಗಾಗಿ ಬೀದಿಗಿಳಿದಾಗ, ಬೋಧಕರ ಕೆಲಸ ಆತ್ಮಗಳನ್ನು ಗೆಲ್ಲುವುದು, ರಾಜಕಾರಣಿಗಳಾಗುವುದಲ್ಲ ಎಂದು ಫಾಲ್ವೆಲ್ ಪ್ರವಚನ ಮಾಡಿದ್ದರು. 1967ರಲ್ಲಿ ಅವರು ತಮ್ಮದೇ ಕ್ರೈಸ್ತ ಶಾಲೆಯನ್ನು ತೆರೆದರು. 1979ರಲ್ಲಿ ವೇರಿಕ್ ಮುಂತಾದವರ ಜೊತೆಗೂಡಿ 'ಮಾರಲ್ ಮೆಜಾರಿಟಿ' ಎಂಬ ರಾಜಕೀಯ ಸಂಘಟನೆಯನ್ನು ಕಟ್ಟಿದರು. ಹದಿನಾಲ್ಕು ವರ್ಷಗಳಲ್ಲಿ ಬೈಬಲ್ ಬದಲಾಗಿರಲಿಲ್ಲ. ಯಾರ ಹಕ್ಕಿಗೆ, ಯಾರ ಅನುಕೂಲಕ್ಕೆ ಸರ್ಕಾರ ಕೈಹಾಕುತ್ತಿದೆ ಎಂಬುದು ಬದಲಾಗಿತ್ತು.

ಈ ಸಂಘಟಕರ ಸಿಟ್ಟಿಗೆ ಗುರಿಯಾದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ವತಃ ಸದರ್ನ್ ಬ್ಯಾಪ್ಟಿಸ್ಟ್, ಭಾನುವಾರದ ಶಾಲೆಯಲ್ಲಿ ಬೈಬಲ್ ಕಲಿಸುತ್ತಿದ್ದವರು. ಅವರ ಎದುರಾಳಿ ರೊನಾಲ್ಡ್ ರೇಗನ್ ವಿಚ್ಛೇದಿತರು, ಚರ್ಚಿಗೆ ನಿಯತವಾಗಿ ಹೋಗುವವರಲ್ಲ. 1980ರ ಆಗಸ್ಟಿನಲ್ಲಿ ಡಲ್ಲಾಸ್ ನಗರದಲ್ಲಿ ಸೇರಿದ್ದ ಸಾವಿರಾರು ಬೋಧಕರು ಮತ್ತು ಭಕ್ತರ ಮುಂದೆ ರೇಗನ್, ನೀವು ನನಗೆ ಬೆಂಬಲ ಘೋಷಿಸುವಂತಿಲ್ಲವೆಂದು ಗೊತ್ತು, ಆದರೆ ನಾನು ನಿಮಗೆ ಬೆಂಬಲ ಘೋಷಿಸುತ್ತೇನೆ ಎಂದರು. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಚುನಾವಣೆಯಲ್ಲಿ ಯಾರ ಪರವೂ ನಿಲ್ಲುವಂತಿಲ್ಲವೆಂಬ 1954ರ ಕಾನೂನನ್ನು ಮನಸ್ಸಿನಲ್ಲಿಟ್ಟು ಆಡಿದ ಆ ಒಂದು ಮಾತಿಗೆ ಸಭೆ ಸೋತಿತು. ಅಂದು ಕುದುರಿದ ಒಪ್ಪಂದ ಇಂದಿಗೂ ಮುರಿದಿಲ್ಲ. 2016ರಿಂದ ಈಚೆಗಿನ ಮೂರು ಚುನಾವಣೆಗಳಲ್ಲೂ ಬಿಳಿಯ ಇವ್ಯಾಂಜೆಲಿಕಲ್ ಮತದಾರರಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿ ಡೊನಾಲ್ಡ್ ಟ್ರಂಪ್ ಅವರಿಗೆ ಮತ ಹಾಕಿದರು. ಒಬ್ಬ ಅಭ್ಯರ್ಥಿಯ ಖಾಸಗಿ ನಡತೆ ಮುಖ್ಯವೆಂದು ದಶಕಗಳ ಕಾಲ ಹೇಳಿದ ಸಮುದಾಯ, ಬೇಕಾದ ನ್ಯಾಯಮೂರ್ತಿಗಳು ಸಿಗುತ್ತಾರೆಂದಾಗ ಆ ಅಳತೆಗೋಲನ್ನು ಬದಿಗಿಟ್ಟಿತು. ನನಗೆ ಇದರಲ್ಲಿ ಕಾಣುವುದು ಒಂದು ದೊಡ್ಡ ದುಃಖ, ಏಕೆಂದರೆ ಆ ಅಳತೆಗೋಲು ಒಳ್ಳೆಯದೇ ಆಗಿತ್ತು.

ಸಂಖ್ಯಾಬಲದಿಂದ ಮಾತ್ರ ಈ ಪ್ರಭಾವವನ್ನು ವಿವರಿಸಲಾಗದು. ಬಿಳಿಯ ಇವ್ಯಾಂಜೆಲಿಕಲ್ ಪ್ರಾಟೆಸ್ಟಂಟರು 2006ರಲ್ಲಿ ಅಮೆರಿಕದ ಜನಸಂಖ್ಯೆಯ ಶೇ. 23ರಷ್ಟಿದ್ದವರು 2020ರ ಹೊತ್ತಿಗೆ ಶೇ. 14ರ ಆಸುಪಾಸಿಗೆ ಇಳಿದರು. ಅದೇ ಅವಧಿಯಲ್ಲಿ ಅವರ ರಾಜಕೀಯ ಗೆಲುವುಗಳು ಏರುತ್ತಾ ಹೋದವು. ಇದಕ್ಕೆ ಕಾರಣ ಸಂಘಟನೆಯ ಶಿಸ್ತು. 1988ರಲ್ಲಿ ಟಿ.ವಿ. ಬೋಧಕ ಪ್ಯಾಟ್ ರಾಬರ್ಟ್‌ಸನ್ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಲು ಹೊರಟು ಸೋತರು, ಆದರೆ ಅವರಿಗಾಗಿ ಸೇರಿದ್ದ ಹೆಸರುಗಳ ಪಟ್ಟಿಯ ಮೇಲೆ ಮರುವರ್ಷವೇ 'ಕ್ರಿಶ್ಚಿಯನ್ ಕೊಯಲಿಷನ್' ಹುಟ್ಟಿತು. ಚುನಾವಣೆಗೆ ಮುಂಚಿನ ಭಾನುವಾರ ಚರ್ಚುಗಳಲ್ಲಿ ಅದು ಮತದಾರರ ಕೈಪಿಡಿಗಳನ್ನು ಹಂಚುತ್ತಿತ್ತು. ಇಂಥವರಿಗೆ ಮತ ಹಾಕಿ ಎಂದು ಅದರಲ್ಲಿ ಬರೆದಿರುತ್ತಿರಲಿಲ್ಲ; ಇಬ್ಬರು ಅಭ್ಯರ್ಥಿಗಳ ಹೆಸರು, ಆಯ್ದ ಕೆಲವು ಪ್ರಶ್ನೆಗಳು, ಎದುರಿಗೆ ಪರ ಅಥವಾ ವಿರೋಧ ಎಂಬ ಗುರುತು, ಇಷ್ಟೇ. ಯಾವ ಪ್ರಶ್ನೆ ಆಯ್ದುಕೊಳ್ಳಬೇಕೆಂಬ ತೀರ್ಮಾನದಲ್ಲೇ ಉತ್ತರ ಅಡಗಿರುತ್ತಿತ್ತು. ಬಡವರ ಆರೋಗ್ಯದ ಪ್ರಶ್ನೆಯನ್ನು ಬಿಟ್ಟು ಶಾಲಾ ಪ್ರಾರ್ಥನೆಯ ಪ್ರಶ್ನೆಯನ್ನು ಇಟ್ಟರೆ ಕ್ರೈಸ್ತ ಮತದಾರನ ಧರ್ಮ ಯಾವುದೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಶಾಲಾ ಮಂಡಳಿಯ ಚುನಾವಣೆ, ಪಕ್ಷದೊಳಗಿನ ಪ್ರಾಥಮಿಕ ಚುನಾವಣೆ ಮುಂತಾಗಿ ಕೆಲವೇ ಮಂದಿ ಮತ ಹಾಕುವ ಕಡೆಗಳಲ್ಲಿ, ತಪ್ಪದೆ ಬರುವ ಒಂದು ಸಣ್ಣ ಗುಂಪು ಫಲಿತಾಂಶವನ್ನು ನಿರ್ಧರಿಸಿಬಿಡುತ್ತದೆ. ಅಲಬಾಮಾದಂಥ ರಾಜ್ಯಗಳಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನೂ ಪಕ್ಷದ ಹೆಸರಿನಲ್ಲೇ ಚುನಾಯಿಸುತ್ತಾರೆ. ರೋ ತೀರ್ಪಿನಿಂದ 49 ವರ್ಷಗಳ ನಂತರ, 2022ರ ಜೂನ್ 24ರಂದು, ಅದನ್ನು ರದ್ದುಗೊಳಿಸಿದ ಡಾಬ್ಸ್ ತೀರ್ಪು ಬಂದದ್ದು ಇಂಥ ದೀರ್ಘಕಾಲದ ತಾಳ್ಮೆಯ ಫಲ. ಕ್ಯಾಥೊಲಿಕ್ ಸಂಪ್ರದಾಯವಾದಿ ನ್ಯಾಯವಾದಿಗಳು ಇದರಲ್ಲಿ ವಹಿಸಿದ ಪಾತ್ರವೂ ಸಣ್ಣದಲ್ಲ; ಒಂದು ಕಾಲಕ್ಕೆ ಪೋಪರನ್ನು ಕ್ರಿಸ್ತವಿರೋಧಿಯೆಂದು ಕರೆಯುತ್ತಿದ್ದ ಮೂಲಭೂತವಾದಿಗಳು ಕ್ಯಾಥೊಲಿಕರೊಡನೆ ಕೈಜೋಡಿಸಿದ್ದು ರಾಜಕೀಯದ ಅಗತ್ಯದಿಂದಲೇ.

ಇದರಿಂದ ರಾಜಕಾರಣಕ್ಕೆ ಆಗುವ ಹಾನಿ ಎಂಥದು? ತೆರಿಗೆ ಹತ್ತಿರಲಿ ಎನ್ನುವವನೂ ಇಪ್ಪತ್ತಿರಲಿ ಎನ್ನುವವನೂ ಹದಿನೈದಕ್ಕೆ ಒಪ್ಪಿ ಎದ್ದುಹೋಗಬಹುದು, ಸೋತವನು ಮುಂದಿನ ಚುನಾವಣೆಗೆ ಕಾಯಬಹುದು. ಭಿನ್ನಾಭಿಪ್ರಾಯಕ್ಕೆ ಪಾಪವೆಂದು ಹೆಸರಿಟ್ಟ ಮೇಲೆ ಈ ಕೊಡುಕೊಳ್ಳುವಿಕೆ ನಿಂತುಹೋಗುತ್ತದೆ. ಪಾಪದಲ್ಲಿ ಅರ್ಧಕ್ಕೆ ಒಪ್ಪುವುದು ಹೇಗೆ? ಎದುರಾಳಿ ತಪ್ಪು ತಿಳಿದವನಾಗಿ ಉಳಿಯದೆ ದೇವರ ಶತ್ರುವಾಗುತ್ತಾನೆ, ಅವನ ಗೆಲುವು ಅಸಹನೀಯವಾಗುತ್ತದೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿ ಶಿಲುಬೆಗಳಿದ್ದವು, ಯೇಸುವಿನ ಹೆಸರಿದ್ದ ಬಾವುಟಗಳಿದ್ದವು, ಸೆನೆಟ್ ಸಭಾಂಗಣದೊಳಗೆ ನಿಂತು ಕೆಲವರು ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆಯನ್ನೂ ಸಲ್ಲಿಸಿದರು. ಚುನಾವಣೆಯ ಸೋಲನ್ನು ಒಪ್ಪಿಕೊಳ್ಳಲಾರದ ಮನಃಸ್ಥಿತಿ ಒಂದೇ ದಿನದಲ್ಲಿ ಹುಟ್ಟುವಂಥದಲ್ಲ.

ಹಾಗೆಂದು ಧರ್ಮ ರಾಜಕಾರಣದ ಹತ್ತಿರವೇ ಸುಳಿಯಬಾರದೆಂದು ನಾನು ಹೇಳಲಾರೆ. ಗುಲಾಮಗಿರಿಯ ವಿರುದ್ಧ ದನಿಯೆತ್ತಿದ ಕ್ವೇಕರ್ ಪಂಗಡದ ಕ್ರೈಸ್ತರೂ, ಸಮಾನ ಹಕ್ಕಿಗಾಗಿ ಹೋರಾಡಿದ ಮಾಂಟ್‌ಗೋಮರಿಯ ಕಪ್ಪು ಚರ್ಚುಗಳೂ ಬೈಬಲ್ಲನ್ನು ಹಿಡಿದೇ ಬಂದವು. ಕಿಂಗ್ ಬ್ಯಾಪ್ಟಿಸ್ಟ್ ಬೋಧಕ. ಆದರೆ ಅವರು ಸರ್ಕಾರದಿಂದ ಕೇಳಿದ್ದು ಎಲ್ಲರಿಗೂ ಸಲ್ಲುವ ಹಕ್ಕನ್ನು, ಯಹೂದಿಯೂ ನಾಸ್ತಿಕನೂ ತನ್ನದೇ ಕಾರಣಗಳಿಂದ ಒಪ್ಪಬಹುದಾದ ನ್ಯಾಯವನ್ನು. ತನ್ನ ನಂಬಿಕೆಯಿಂದ ಸ್ಫೂರ್ತಿ ಪಡೆಯುವುದಕ್ಕೂ ತನ್ನ ನಂಬಿಕೆಯನ್ನು ಇತರರ ಮೇಲೆ ಕಾನೂನಾಗಿ ಹೇರುವುದಕ್ಕೂ ಇರುವ ಅಂತರ ಬಹಳ ದೊಡ್ಡದು.

ಈ ಅಂತರವನ್ನು ಎಲ್ಲರಿಗಿಂತ ಮೊದಲು ಅರಿತವರು ಬ್ಯಾಪ್ಟಿಸ್ಟರೇ. ವಸಾಹತು ಕಾಲದ ವರ್ಜೀನಿಯಾದಲ್ಲಿ ಪರವಾನಗಿಯಿಲ್ಲದೆ ಬೋಧಿಸಿದ ಬ್ಯಾಪ್ಟಿಸ್ಟ್ ಬೋಧಕರನ್ನು ಸೆರೆಮನೆಗೆ ಹಾಕುತ್ತಿದ್ದರು. ಮ್ಯಾಸಚೂಸೆಟ್ಸಿನಿಂದ ಗಡೀಪಾರಾದ ರೋಜರ್ ವಿಲಿಯಮ್ಸ್ 1636ರಲ್ಲಿ ರೋಡ್ ಐಲೆಂಡಿನ ಪ್ರಾವಿಡೆನ್ಸಿನಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೆ ನೆಲೆ ಕಟ್ಟಿದ್ದರು. 1802ರ ಜನವರಿ 1ರಂದು ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮನೆಗೆ ಮ್ಯಾಸಚೂಸೆಟ್ಸಿನ ಚೆಷೈರ್ ಊರಿನಿಂದ ಸಾವಿರ ಪೌಂಡಿಗೂ ಮಿಕ್ಕಿದ ಒಂದು ದೈತ್ಯ ಚೀಸ್ ಉಡುಗೊರೆಯಾಗಿ ಬಂತು. ಅದನ್ನು ತಂದವರು ಬ್ಯಾಪ್ಟಿಸ್ಟ್ ಬೋಧಕ ಜಾನ್ ಲೇಲ್ಯಾಂಡ್. ಧರ್ಮದ ವಿಷಯದಲ್ಲಿ ಸರ್ಕಾರ ತಲೆಹಾಕದಂತೆ ನೋಡಿಕೊಂಡ ನಾಯಕನಿಗೆ ಅದು ಅವರ ಕೃತಜ್ಞತೆ. ಅದೇ ದಿನ ಜೆಫರ್ಸನ್ ಕನೆಕ್ಟಿಕಟ್ಟಿನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ ಚರ್ಚು ಮತ್ತು ಪ್ರಭುತ್ವದ ನಡುವಿನ ಗೋಡೆಯ ಪ್ರಸಿದ್ಧ ಮಾತಿದೆ. ಆ ಗೋಡೆ ಭಕ್ತರನ್ನು ಪ್ರಭುತ್ವದಿಂದ ಕಾಪಾಡಲು ಭಕ್ತರೇ ಬೇಡಿ ಪಡೆದದ್ದು. 1979ರ ನಂತರ ಸದರ್ನ್ ಬ್ಯಾಪ್ಟಿಸ್ಟ್ ಪಂಗಡ ಮೂಲಭೂತವಾದಿಗಳ ಹಿಡಿತಕ್ಕೆ ಹೋಗಿ, ಹೆಂಗಸರು ಪಾಸ್ಟರಾಗಬಾರದೆಂದು 2000ದಲ್ಲಿ ತನ್ನ ನಂಬಿಕೆಯ ಪ್ರಕಟಣೆಯಲ್ಲೇ ಬರೆದುಕೊಂಡಾಗ, ಅದೇ ವರ್ಷ ಜಿಮ್ಮಿ ಕಾರ್ಟರ್ ಆ ಪಂಗಡದಿಂದ ದೂರ ಸರಿದರು. ತಮ್ಮ ಊರಿನ ಚರ್ಚಿನಲ್ಲಿ ಬೈಬಲ್ ಕಲಿಸುವುದನ್ನು ಮಾತ್ರ ಬಿಡಲಿಲ್ಲ.

ಅಮೆರಿಕದಾಚೆಗೆ ಈ ಪ್ರಭಾವ ಹೋದ ಕಡೆಗಳಲ್ಲಿ ಅದನ್ನು ತಡೆಯಬಲ್ಲ ಸಂಸ್ಥೆಗಳು ಇನ್ನೂ ದುರ್ಬಲವಾಗಿದ್ದವು. ಗ್ವಾಟೆಮಾಲಾದಲ್ಲಿ 1982ರ ಮಾರ್ಚಿನಲ್ಲಿ ಸೈನಿಕ ದಂಗೆಯ ಮೂಲಕ ಅಧಿಕಾರಕ್ಕೆ ಬಂದ ಜನರಲ್ ಎಫ್ರಾಯಿನ್ ರಿಯೋಸ್ ಮಾಂಟ್, ಕ್ಯಾಲಿಫೋರ್ನಿಯಾ ಮೂಲದ ಇವ್ಯಾಂಜೆಲಿಕಲ್ ಸಭೆಯೊಂದರ ಸದಸ್ಯ. ಪ್ರತಿ ಭಾನುವಾರ ಟಿ.ವಿ.ಯಲ್ಲಿ ಕುಟುಂಬ, ಪ್ರಾಮಾಣಿಕತೆ, ದೇವರ ಕುರಿತು ಆತ ದೇಶಕ್ಕೆ ಬೋಧಿಸುತ್ತಿದ್ದ. ಅದೇ ತಿಂಗಳುಗಳಲ್ಲಿ ಅವನ ಸೈನ್ಯ ಬೆಟ್ಟಸೀಮೆಯ ಮಾಯಾ ಮೂಲನಿವಾಸಿಗಳ ಹಳ್ಳಿಗಳನ್ನು ಸುಡುತ್ತಿತ್ತು. ಪ್ಯಾಟ್ ರಾಬರ್ಟ್‌ಸನ್ ಅವರಂಥ ಅಮೆರಿಕದ ಬೋಧಕರು ಅವನನ್ನು ಬೆಂಬಲಿಸಿದರು. 1,771 ಇಕ್ಸಿಲ್ ಮಾಯಾ ಜನರ ಹತ್ಯೆಯ ಆರೋಪದ ಮೇಲೆ 2013ರ ಮೇ 10ರಂದು ಗ್ವಾಟೆಮಾಲಾದ ನ್ಯಾಯಾಲಯ ಅವನಿಗೆ ನರಮೇಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳಿಗಾಗಿ 80 ವರ್ಷಗಳ ಶಿಕ್ಷೆ ವಿಧಿಸಿತು; ಹತ್ತು ದಿನಗಳಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದುಮಾಡಿತು. ಮರುವಿಚಾರಣೆ ಮುಗಿಯುವ ಮುನ್ನ 2018ರಲ್ಲಿ ಆತ ಸತ್ತ. ನ್ಯಾಯಾಲಯದಲ್ಲಿ ಶಾಲು ಹೊದ್ದು ನಿಂತು, ತಮ್ಮ ಮೇಲಾದ ಅತ್ಯಾಚಾರವನ್ನು ತಮ್ಮ ಭಾಷೆಯಲ್ಲಿ ಹೇಳಿದ ಇಕ್ಸಿಲ್ ಹೆಂಗಸರ ಸಾಕ್ಷ್ಯ ಮಾತ್ರ ದಾಖಲೆಯಲ್ಲಿ ಉಳಿದಿದೆ.

ಉಗಾಂಡಾದ ಕಂಪಾಲಾದಲ್ಲಿ 2009ರ ಮಾರ್ಚಿನಲ್ಲಿ ಸ್ಕಾಟ್ ಲೈವ್ಲಿ ಮೊದಲಾದ ಅಮೆರಿಕದ ಇವ್ಯಾಂಜೆಲಿಕಲ್ ಪ್ರಚಾರಕರು ಸಲಿಂಗಿಗಳ ವಿರುದ್ಧ ವಿಚಾರಗೋಷ್ಠಿ ನಡೆಸಿದರು, ಅದೇ ವರ್ಷ ಮರಣದಂಡನೆಯನ್ನೂ ಒಳಗೊಂಡ ಮಸೂದೆಯೊಂದು ಅಲ್ಲಿನ ಸಂಸತ್ತಿಗೆ ಬಂತು. ಹಲವು ತಿರುವುಗಳ ನಂತರ 2023ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಕೆಲವು ಸಂದರ್ಭಗಳಿಗೆ ಮರಣದಂಡನೆ ಇದೆ. ಜೆರುಸಲೇಮಿಗೆ ಅಮೆರಿಕದ ರಾಯಭಾರ ಕಚೇರಿ 2018ರ ಮೇ 14ರಂದು ಸ್ಥಳಾಂತರಗೊಂಡಾಗ ಆರಂಭದ ಪ್ರಾರ್ಥನೆ ಮಾಡಿದವರು ರಾಬರ್ಟ್ ಜೆಫ್ರೆಸ್, ಕೊನೆಯ ಆಶೀರ್ವಚನ ನೀಡಿದವರು ಜಾನ್ ಹೇಗಿ, ಇಬ್ಬರೂ ಇವ್ಯಾಂಜೆಲಿಕಲ್ ಪಾಸ್ಟರುಗಳು. ಯಹೂದಿಗಳು ಇಸ್ರೇಲಿಗೆ ಮರಳುವುದು ಕ್ರಿಸ್ತನ ಪುನರಾಗಮನದ ಪೂರ್ವಸೂಚನೆ ಎಂಬ ನಂಬಿಕೆ 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ಬೈಬಲ್ಲಿನ ಅಡಿಟಿಪ್ಪಣಿಗಳ ಮೂಲಕ ಮನೆಮನೆಗೆ ಹೋಗಿತ್ತು. ಸಮಾರಂಭದ ದಿನವೇ ಗಾಜಾದ ಗಡಿಯಲ್ಲಿ ಸುಮಾರು 60 ಪ್ಯಾಲೆಸ್ತೀನಿಯರು ಗುಂಡಿಗೆ ಬಲಿಯಾದರು. ಭವಿಷ್ಯವಾಣಿಯ ನಕ್ಷೆಯನ್ನು ಹಿಡಿದು ವಿದೇಶಾಂಗ ನೀತಿಯನ್ನು ಓದುವವರಿಗೆ, ಆ ನಕ್ಷೆಯಲ್ಲಿ ಹೆಸರಿಲ್ಲದ ಜನರ ಸಾವು ಲೆಕ್ಕಕ್ಕೆ ಬರುವುದು ಕಷ್ಟ.

ಸದ್ಯದ ಜಗಳ ಮತ್ತೆ ಶಾಲೆಯ ಕೋಣೆಗೇ ಬಂದು ನಿಂತಿದೆ. ಕೆಂಟಕಿಯ ಶಾಲೆಗಳಲ್ಲಿ ದಶಾಜ್ಞೆಗಳನ್ನು, ಅಂದರೆ ಬೈಬಲ್ಲಿನ ಹತ್ತು ದೇವಾಜ್ಞೆಗಳನ್ನು, ತೂಗುಹಾಕುವ ಕಾನೂನನ್ನು ಸುಪ್ರೀಂ ಕೋರ್ಟ್ 1980ರಲ್ಲೇ ತಳ್ಳಿಹಾಕಿತ್ತು. ಆದರೂ ಲೂಸಿಯಾನಾ ರಾಜ್ಯ 2024ರ ಜೂನ್‌ನಲ್ಲಿ, ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಸರ್ಕಾರಿ ಹಣದಲ್ಲಿ ನಡೆಯುವ ಪ್ರತಿಯೊಂದು ತರಗತಿಯಲ್ಲೂ ಕನಿಷ್ಠ 11 ಅಂಗುಲ ಅಗಲ, 14 ಅಂಗುಲ ಎತ್ತರದ ದಶಾಜ್ಞೆಗಳ ಫಲಕ ಇರಬೇಕೆಂದು ಕಾನೂನು ಮಾಡಿತು. ಯಹೂದಿಗಳು, ಕ್ಯಾಥೊಲಿಕರು, ಪ್ರಾಟೆಸ್ಟಂಟರು ಈ ಹತ್ತು ಆಜ್ಞೆಗಳನ್ನು ಬೇರೆ ಬೇರೆ ರೀತಿಯಲ್ಲಿ ಎಣಿಸುತ್ತಾರೆ, ಬೇರೆ ಬೇರೆ ಪಾಠಾಂತರಗಳಲ್ಲಿ ಓದುತ್ತಾರೆ; ಯಾವ ಪಾಠ ಇರಬೇಕೆಂಬುದನ್ನೂ ಶಾಸನಸಭೆಯೇ ಅಕ್ಷರಕ್ಷರವಾಗಿ ಕಾನೂನಿನಲ್ಲಿ ಅಚ್ಚುಹಾಕಿಸಿತು. ಕಾನೂನಿಗೆ ಸಹಿ ಬಿದ್ದ ಕೆಲವೇ ದಿನಗಳಲ್ಲಿ ಒಂಬತ್ತು ಕುಟುಂಬಗಳು ಫೆಡರಲ್ ನ್ಯಾಯಾಲಯಕ್ಕೆ ಹೋದವು. ಅವರಲ್ಲಿ ಯಾವ ಧರ್ಮವನ್ನೂ ಪಾಲಿಸದವರಿದ್ದರು, ಯಹೂದಿಗಳಿದ್ದರು, ಜೊತೆಗೆ ಕ್ರೈಸ್ತ ಬೋಧಕರೂ ಇದ್ದರು. ಅವರಲ್ಲೊಬ್ಬ ಪ್ರೆಸ್ಬಿಟೇರಿಯನ್ ಬೋಧಕರ ಆಕ್ಷೇಪಣೆ ಸರಳವಾಗಿತ್ತು: ನನ್ನ ಮಕ್ಕಳು ಧರ್ಮಗ್ರಂಥವನ್ನು ನಮ್ಮ ನಂಬಿಕೆಯ ಹಿನ್ನೆಲೆಯಲ್ಲಿ ಕಲಿಯಬೇಕು, ಅದರ ಒಂದು ಪಾಠವನ್ನು ಆರಿಸಿ ಅವರ ಮುಂದಿಡುವುದು ಸರ್ಕಾರದ ಕೆಲಸವಲ್ಲ.